615 ಮತಗಳ ಬೆನ್ನು ಹತ್ತಿ: ಮೈಸೂರು ಕ್ಷೇತ್ರವನ್ನು ಮತಗಟ್ಟೆಯಿಂದ ಓದಿದ ನನ್ನ ಅನುಭವ

2024ರ ಜೂನ್ 4ರ ಸಂಜೆ ಫಲಿತಾಂಶ ಪೂರ್ತಿಯಾದ ಮೇಲೆ, ಹರಿದಿಟ್ಟಿದ್ದ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಎರಡು ಸಂಖ್ಯೆಗಳನ್ನು ಒಂದರ ಕೆಳಗೊಂದು ಬರೆದೆ. 2019ರಲ್ಲಿ ಮೈಸೂರು ಲೋಕಸಭಾ ಕ್ಷೇತ್ರದಲ್ಲಿ ಬಿಜೆಪಿಯ ಪ್ರತಾಪ್ ಸಿಂಹ ಗೆದ್ದ ಅಂತರ 1,38,647. 2024ರಲ್ಲಿ ಅದೇ ಪಕ್ಷದ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಗೆದ್ದ ಅಂತರ 1,39,262. ಕಳೆದರೆ ಉಳಿಯುವುದು 615.

ಅಂದು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆ ಐದು ವರ್ಷಗಳಲ್ಲಿ ಏನೆಲ್ಲ ಆಗಿಹೋಗಿತ್ತು! 2019ರಲ್ಲಿ ಕಾಂಗ್ರೆಸ್ಸಿನ ಜೊತೆಗಿದ್ದ ಜೆಡಿಎಸ್ 2024ರಲ್ಲಿ ಬಿಜೆಪಿಯ ಜೊತೆಗಿತ್ತು. ಎರಡೂ ಪಕ್ಷಗಳ ಅಭ್ಯರ್ಥಿಗಳು ಬದಲಾಗಿದ್ದರು. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಈ ಲೋಕಸಭಾ ಕ್ಷೇತ್ರದ ಎಂಟು ಸ್ಥಾನಗಳಲ್ಲಿ ಐದನ್ನು ಕಾಂಗ್ರೆಸ್ ಗೆದ್ದಿತ್ತು, ಬಿಜೆಪಿಗೆ ಸಿಕ್ಕಿದ್ದು ಕೃಷ್ಣರಾಜ ಒಂದೇ. ಇಷ್ಟಾದರೂ ಅಂತರ ಕದಲಿದ್ದು 615 ಮತಗಳಷ್ಟು. ಇದು ಹೇಗೆ ಸಾಧ್ಯ ಎಂಬ ಪ್ರಶ್ನೆಯೇ ನನ್ನನ್ನು ಮತಗಟ್ಟೆಯ ಲೆಕ್ಕಕ್ಕೆ ಎಳೆದು ತಂದಿತು.

ನಾನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ಸೇವೆಯಲ್ಲಿದ್ದಾಗ ಎಂಟು ಬಾರಿ ಚುನಾವಣಾ ಕರ್ತವ್ಯಕ್ಕೆ ಹೋಗಿದ್ದೇನೆ. ಮೊದಲು ಮತಪೆಟ್ಟಿಗೆಯ ಕಾಲದಲ್ಲಿ ಬೆರಳಿಗೆ ಶಾಯಿ ಹಚ್ಚುವ ಕೆಲಸ, ಆಮೇಲೆ ಇವಿಎಂ ಕಾಲದಲ್ಲಿ ಮತಗಟ್ಟೆ ಅಧ್ಯಕ್ಷಾಧಿಕಾರಿಯ ಕೆಲಸ. ಸಂಜೆ ಮತದಾನ ಮುಗಿದ ಮೇಲೆ ನಮೂನೆ 17ಸಿ ತುಂಬಿ, ಯಂತ್ರ ತೋರಿಸುವ ಒಟ್ಟು ಮತಕ್ಕೂ ಮತದಾರರ ರಿಜಿಸ್ಟರಿನ ಸಂಖ್ಯೆಗೂ ತಾಳೆ ನೋಡಿ, ಏಜೆಂಟರಿಗೆ ಪ್ರತಿ ಕೊಟ್ಟು ಸಹಿ ಹಾಕುವಾಗ ಆಗುವ ನಿರಾಳ ಆ ಕೆಲಸ ಮಾಡಿದವರಿಗೇ ಗೊತ್ತು. ಹಾಗಾಗಿ ಮತಗಟ್ಟೆ ಎಂದರೆ ನನಗೆ ಬರೀ ಸಂಖ್ಯೆಯಲ್ಲ. ಶಾಲೆಯ ಬೆಂಚು, ಕರಿಹಲಗೆ, ಮಧ್ಯಾಹ್ನದ ಚಿತ್ರಾನ್ನ, ಕೋಲೂರಿಕೊಂಡು ಬರುವ ಅಜ್ಜಿ, ಎಲ್ಲವೂ ಅದರೊಳಗಿವೆ.

ಕೆಲಸಕ್ಕೆ ಕೈ ಹಾಕುವ ಮುಂಚೆ ಹಳೆಯ ಚರಿತ್ರೆಯನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. 1952ರ ಮೊದಲ ಚುನಾವಣೆಯಲ್ಲಿ ಮೈಸೂರು ದ್ವಿಸದಸ್ಯ ಕ್ಷೇತ್ರ. ಒಂದು ಸ್ಥಾನ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಎಂ.ಎಸ್. ಗುರುಪಾದಸ್ವಾಮಿ ಅವರಿಗೆ, ಮೀಸಲು ಸ್ಥಾನ ಕಾಂಗ್ರೆಸ್ಸಿನ ಎನ್. ರಾಚಯ್ಯ ಅವರಿಗೆ ಹೋಯಿತು. ಸ್ವಾತಂತ್ರ್ಯ ಬಂದ ಹೊಸತರಲ್ಲಿ, ಕಾಂಗ್ರೆಸ್ಸಿನ ಹೆಸರು ಅಷ್ಟು ದೊಡ್ಡದಾಗಿದ್ದಾಗಲೇ, ಈ ಊರು ವಿರೋಧ ಪಕ್ಷದವರೊಬ್ಬರನ್ನು ದೆಹಲಿಗೆ ಕಳುಹಿಸಿತ್ತು. ಆಮೇಲೆ ಕಾಂಗ್ರೆಸ್ಸಿನದೇ ದೀರ್ಘ ಕಾಲ: ಎಂ. ಶಂಕರಯ್ಯ, ಮೂರು ಬಾರಿ ಎಚ್.ಡಿ. ತುಳಸೀದಾಸ್, 1980ರಲ್ಲಿ ಎಂ. ರಾಜಶೇಖರ ಮೂರ್ತಿ. 1984ರಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಬಂದರು.

ಇಲ್ಲಿಂದ ಮುಂದೆ ನಮ್ಮೂರಿನ ಹೋಟೆಲು, ಕ್ಷೌರದಂಗಡಿ, ಉದ್ಯಾನದ ಬೆಂಚು ಎಲ್ಲೆಡೆ ಕೇಳುವ ಮಾತು ಒಂದೇ: ‘ಮೈಸೂರು ಅರಮನೆಗೆ ಮತ ಹಾಕುತ್ತದೆ.’ ನನಗೂ ಹಾಗೆಯೇ ಅನ್ನಿಸುತ್ತಿತ್ತು. ಇಸವಿಗಳನ್ನು ಬರೆದಿಟ್ಟ ಮೇಲೆ ಆ ನಂಬಿಕೆ ಸಡಿಲವಾಯಿತು. ಒಡೆಯರ್ ಗೆದ್ದಿದ್ದು 1984, 1989, 1996, 1999. ನಾಲ್ಕೂ ಸಲ ಕಾಂಗ್ರೆಸ್ಸಿನಿಂದ. 1991ರಲ್ಲಿ ಬಿಜೆಪಿಯಿಂದ ನಿಂತಾಗ ಇದೇ ಊರು ಅವರನ್ನು ಸೋಲಿಸಿ, ದೇವರಾಜ ಅರಸು ಅವರ ಮಗಳು ಚಂದ್ರಪ್ರಭಾ ಅರಸು ಅವರನ್ನು ಆರಿಸಿತು. 2004ರಲ್ಲಿ ಕಾಂಗ್ರೆಸ್ಸಿನಿಂದಲೇ ನಿಂತರೂ ಬಿಜೆಪಿಯ ಸಿ.ಎಚ್. ವಿಜಯಶಂಕರ್ ಗೆದ್ದರು, ಜೆಡಿಎಸ್‌ನ ಎ.ಎಸ್. ಗುರುಸ್ವಾಮಿ ಎರಡನೆಯವರಾದರು, ಒಡೆಯರ್ ಮೂರನೆಯ ಸ್ಥಾನಕ್ಕೆ ಇಳಿದರು. ಹಾಗೆಂದು ಅವರ ವರ್ಚಸ್ಸು ಲೆಕ್ಕಕ್ಕಿಲ್ಲ ಎನ್ನಲೂ ಆಗದು. 1996ರಲ್ಲಿ ರಾಜ್ಯದ 28ರಲ್ಲಿ 16 ಸ್ಥಾನ ಜನತಾದಳಕ್ಕೆ ಹೋಗಿ ಕಾಂಗ್ರೆಸ್ಸಿಗೆ ಉಳಿದಿದ್ದು ಐದೇ ಐದು, ಅದರಲ್ಲಿ ಮೈಸೂರು ಒಂದು. ಅರಮನೆಗೆ ಪ್ರೀತಿ ಇದೆ, ಅದು ಮತಕ್ಕೂ ಇಳಿಯುತ್ತದೆ. ಆದರೆ ಯಾವ ಚಿಹ್ನೆಯ ಕೆಳಗೆ, ಯಾವ ವರ್ಷ ಎಂಬುದನ್ನು ನೋಡಿಯೇ ಇಳಿಯುತ್ತದೆ.

ಹಳೆಯ ಲೆಕ್ಕ ಇಷ್ಟಕ್ಕೇ ನಿಲ್ಲುತ್ತದೆ, ಮತಗಟ್ಟೆಯ ಮಟ್ಟಕ್ಕೆ ಇಳಿಯುವುದಿಲ್ಲ. ಕಾಗದದ ಮತಪತ್ರಗಳಿದ್ದಾಗ ಹಲವು ಮತಗಟ್ಟೆಗಳ ಮತಪತ್ರಗಳನ್ನು ಬೆರೆಸಿ ಎಣಿಸುವ ಪದ್ಧತಿಯಿತ್ತು. ಯಾವ ಕೇರಿ ಯಾರಿಗೆ ಮತ ಹಾಕಿತು ಎಂಬುದು ಯಾರಿಗೂ ತಿಳಿಯಬಾರದು ಎಂಬುದೇ ಅದರ ಉದ್ದೇಶ. 2004ರಲ್ಲಿ ಎಲ್ಲೆಡೆ ಇವಿಎಂ ಬಂದ ಮೇಲೆ ಪ್ರತಿ ಯಂತ್ರದ ಲೆಕ್ಕವೂ ಪ್ರತ್ಯೇಕವಾಗಿ ಹೊರಬರತೊಡಗಿತು. ಅದು ದಾಖಲಾಗುವುದು ನಮೂನೆ 20ರಲ್ಲಿ. ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ ಒಂದು ಪಟ್ಟಿ, ಪ್ರತಿ ಮತಗಟ್ಟೆಗೆ ಒಂದು ಸಾಲು, ಪ್ರತಿ ಅಭ್ಯರ್ಥಿಗೆ ಒಂದು ಅಂಕಣ.

2008ರ ಕ್ಷೇತ್ರ ಪುನರ್ವಿಂಗಡಣೆ ಮತ್ತೊಂದು ಗೋಡೆ. ಅದಕ್ಕೂ ಮುಂಚೆ ಕೊಡಗು ಮಂಗಳೂರು ಲೋಕಸಭಾ ಕ್ಷೇತ್ರದ ಜೊತೆಗಿತ್ತು. 2009ರಿಂದ ಮಡಿಕೇರಿ, ವಿರಾಜಪೇಟೆ ನಮ್ಮ ಜೊತೆಗೆ ಬಂದವು. ಈಗ ಮೈಸೂರು ಜಿಲ್ಲೆಯ ಹನ್ನೊಂದು ವಿಧಾನಸಭಾ ಕ್ಷೇತ್ರಗಳು ಮೂರು ಲೋಕಸಭಾ ಕ್ಷೇತ್ರಗಳಿಗೆ ಹಂಚಿಹೋಗಿವೆ: ಕೆ.ಆರ್. ನಗರ ಮಂಡ್ಯಕ್ಕೆ; ವರುಣಾ, ನಂಜನಗೂಡು, ತಿ. ನರಸೀಪುರ, ಎಚ್.ಡಿ. ಕೋಟೆ ಚಾಮರಾಜನಗರಕ್ಕೆ, ಉಳಿದ ಆರು ಮಾತ್ರ ಮೈಸೂರಿಗೆ. ಹೆಸರು ಅದೇ ಇದ್ದರೂ 1999ರ ಮೈಸೂರು ಬೇರೆ, 2009ರ ಮೈಸೂರು ಬೇರೆ. ಎರಡನ್ನೂ ಒಂದೇ ಗೆರೆಯಲ್ಲಿಟ್ಟು ‘ಇಷ್ಟು ಶೇಕಡಾ ಏರಿತು, ಇಳಿಯಿತು’ ಎಂದು ಟಿ.ವಿ.ಯಲ್ಲಿ ಹೇಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಹೀಗಾಗಿ ನಾನು ಎತ್ತಿಕೊಂಡಿದ್ದು 2014, 2019, 2024ರ ಮೂರು ಚುನಾವಣೆಗಳನ್ನು, ಅದರಲ್ಲೂ ನಗರದ ಕೃಷ್ಣರಾಜ, ಚಾಮರಾಜ, ನರಸಿಂಹರಾಜ ಕ್ಷೇತ್ರಗಳನ್ನು ಮತ್ತು ಊರಿನ ಅಂಚಿನ ಚಾಮುಂಡೇಶ್ವರಿಯನ್ನು. ಹಳೆಯ ಪಟ್ಟಿಗಳಲ್ಲಿ ಎಷ್ಟೋ ಪುಟಗಳು ಓರೆಯಾಗಿ ಸ್ಕ್ಯಾನ್ ಆದವು. ಕಂಪ್ಯೂಟರ್ ತಾನಾಗಿ ಓದಿದಾಗ 3 ಎಂಬುದು 8 ಆಗುತ್ತಿತ್ತು. ಕೊನೆಗೆ ನಾನೇ ಗಟ್ಟಿಯಾಗಿ ಓದುವುದು, ನನ್ನ ಹೆಂಡತಿ ಕೀಲಿಮಣೆಯಲ್ಲಿ ಒತ್ತುವುದು ಎಂದಾಯಿತು. ದಿನಕ್ಕೆ ನಲವತ್ತು ಸಾಲು, ಅದಕ್ಕಿಂತ ಹೆಚ್ಚಿಲ್ಲ. ಸಾಲಿನ ಮೊತ್ತ ಪಟ್ಟಿಯಲ್ಲಿರುವ ಮೊತ್ತಕ್ಕೆ ಹೊಂದದಿದ್ದರೆ ಆ ಸಾಲಿಗೆ ಕೆಂಪು. ಅಭ್ಯರ್ಥಿಗಳ ಅಂಕಣದ ಕ್ರಮ ಪ್ರತಿ ಚುನಾವಣೆಗೂ ಬದಲಾಗುತ್ತದೆ ಎಂಬುದನ್ನು ಹೊಸಬರು ಮರೆಯಬಾರದು. ಇನ್ನೊಂದು, ಅಂಚೆ ಮತಗಳು ಯಾವ ಮತಗಟ್ಟೆಗೂ ಸೇರುವುದಿಲ್ಲ. ಎಂಟು ಕ್ಷೇತ್ರಗಳ ಯಂತ್ರದ ಮೊತ್ತ ಕೂಡಿಸಿ, ಘೋಷಿತ ಫಲಿತಾಂಶಕ್ಕೆ ಹೊಂದಲಿಲ್ಲವೆಂದು ಎರಡು ದಿನ ತಪ್ಪು ಹುಡುಕಿದ್ದೆ. ತಪ್ಪು ಎಲ್ಲೂ ಇರಲಿಲ್ಲ, ಅಂಚೆ ಮತಗಳನ್ನು ಸೇರಿಸಿರಲಿಲ್ಲ ಅಷ್ಟೆ.

ನಿಜವಾದ ತಪ್ಪು ಬೇರೊಂದಿತ್ತು. ನರಸಿಂಹರಾಜ ಕ್ಷೇತ್ರದ ಒಂದು ಮತಗಟ್ಟೆಯಲ್ಲಿ 2014 ಮತ್ತು 2019ರ ನಡುವೆ ಫಲಿತಾಂಶ ತಲೆಕೆಳಗಾದಂತೆ ಕಂಡಿತು. ಪತ್ರಿಕೆಯಲ್ಲಿದ್ದ ಗೆಳೆಯನಿಗೆ ಉತ್ಸಾಹದಿಂದ ಹೇಳಿಯೂ ಬಿಟ್ಟೆ. ಆಮೇಲೆ ಎರಡೂ ವರ್ಷದ ಮತದಾರರ ಪಟ್ಟಿಯ ಮುಖಪುಟಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಭಾಗ ಸಂಖ್ಯೆಗಳೇ, ಅಂದರೆ ಒಂದೊಂದು ಮತಗಟ್ಟೆಯ ಪಟ್ಟಿಗೆ ಕೊಡುವ ಸಂಖ್ಯೆಗಳೇ, ಬದಲಾಗಿದ್ದವು. ಒಂದು ದೊಡ್ಡ ಭಾಗ ಎರಡಾಗಿ, ಅದರ ಮುಂದಿನ ಸಂಖ್ಯೆಗಳೆಲ್ಲ ಒಂದೊಂದು ಮುಂದಕ್ಕೆ ಜರುಗಿದ್ದವು. ನಾನು ಒಂದು ಬೀದಿಯ ಮತವನ್ನು ಇನ್ನೊಂದು ಬೀದಿಯ ಮತದೊಡನೆ ಹೋಲಿಸಿದ್ದೆ. ಗೆಳೆಯನಿಗೆ ಆ ರಾತ್ರಿಯೇ ಫೋನ್ ಮಾಡಿ ಕ್ಷಮೆ ಕೇಳಿದೆ. ಅಂದಿನಿಂದ ಭಾಗ ಸಂಖ್ಯೆಯನ್ನು ನಂಬುವುದನ್ನು ಬಿಟ್ಟು, ಪಟ್ಟಿಯಲ್ಲಿರುವ ಬೀದಿಗಳ ಹೆಸರನ್ನು ಹಿಡಿದೇ ಜೋಡಿಸುತ್ತೇನೆ. ಒಂದೇ ಶಾಲೆಯಲ್ಲಿ ನಾಲ್ಕು ಮತಗಟ್ಟೆಗಳಿದ್ದರೆ ನಾಲ್ಕನ್ನೂ ಒಟ್ಟುಗೂಡಿಸುತ್ತೇನೆ. ಆಗ ಒಳಗಿನ ಸಣ್ಣ ಬದಲಾವಣೆಗಳು ಲೆಕ್ಕ ಕೆಡಿಸುವುದಿಲ್ಲ.

ಈಗ 615ರ ವಿಷಯಕ್ಕೆ ಬರುತ್ತೇನೆ. 2014ರಲ್ಲಿ ಮೂರೂ ಪಕ್ಷಗಳು ಬೇರೆಬೇರೆ ನಿಂತಿದ್ದವು. ಬಿಜೆಪಿಗೆ 5,03,908, ಕಾಂಗ್ರೆಸ್ಸಿನ ಎ.ಎಚ್. ವಿಶ್ವನಾಥ್ ಅವರಿಗೆ 4,72,300, ಜೆಡಿಎಸ್‌ಗೆ ಸುಮಾರು 1.38 ಲಕ್ಷ ಮತ. ಕಾಂಗ್ರೆಸ್ ಮತ್ತು ಜೆಡಿಎಸ್ ಕೂಡಿದರೆ ಆರು ಲಕ್ಷ ದಾಟುತ್ತದೆ. 2019ರಲ್ಲಿ ಎರಡೂ ನಿಜವಾಗಿಯೇ ಕೂಡಿದವು, ಬಂದಿದ್ದು 5,50,327. ಅರವತ್ತು ಸಾವಿರದಷ್ಟು ಕಡಿಮೆ. ಅದೇ ಹೊತ್ತಿಗೆ ಬಿಜೆಪಿ 6,88,974ಕ್ಕೆ ಏರಿತ್ತು. 2024ರಲ್ಲಿ ಜೆಡಿಎಸ್ ಇಲ್ಲದೆ ನಿಂತ ಕಾಂಗ್ರೆಸ್ಸಿನ ಎಂ. ಲಕ್ಷ್ಮಣ ಅವರಿಗೆ 6,56,241 ಮತ ಬಂತು; ಮೈತ್ರಿಯಿದ್ದಾಗಿನದಕ್ಕಿಂತ ಒಂದು ಲಕ್ಷಕ್ಕೂ ಹೆಚ್ಚು. ಬಿಜೆಪಿಗೆ 7,95,503, ಅದೂ ಒಂದು ಲಕ್ಷಕ್ಕೂ ಹೆಚ್ಚು ಏರಿಕೆ. ಎರಡೂ ಕಡೆ ಏರಿದ್ದು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಅದಕ್ಕೇ ಅಂತರ ನಿಂತಲ್ಲೇ ನಿಂತಿತು.

ಇದನ್ನು ನಾನು ಓದುವುದು ಹೀಗೆ: ಜೆಡಿಎಸ್ ನಾಯಕರು 2023ರಲ್ಲಿ ಬಿಜೆಪಿಯತ್ತ ದಾಟಿದ ಹೊಳೆಯನ್ನು ಅವರ ಮತದಾರರಲ್ಲಿ ಬಹಳ ಮಂದಿ 2019ರಲ್ಲೇ ದಾಟಿಯಾಗಿತ್ತು. ಚಾಮುಂಡೇಶ್ವರಿಯಲ್ಲಿ 2018ರಲ್ಲಿ ಜೆಡಿಎಸ್‌ನ ಜಿ.ಟಿ. ದೇವೇಗೌಡರು ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರನ್ನು 36,042 ಮತಗಳಿಂದ ಸೋಲಿಸಿದ್ದರು. ಒಂದು ವರ್ಷ ಕಳೆಯುವುದರೊಳಗೆ ಅದೇ ಹಳ್ಳಿಗಳ ಕಾರ್ಯಕರ್ತರು ಕಾಂಗ್ರೆಸ್ಸಿನ ಪರವಾಗಿ ಮನೆಮನೆಗೆ ಹೋಗಬೇಕಿತ್ತು. ಎದುರುಬದುರು ನಿಂತು ಹೋರಾಡಿದವರಿಗೆ ಅದು ಸುಲಭವಲ್ಲ. ಆದರೆ ಇಲ್ಲಿ ಎಚ್ಚರಿಕೆಯೂ ಬೇಕು. ಮತಗಟ್ಟೆಯ ಮೊತ್ತ ಮೊತ್ತವೇ ಹೊರತು ವ್ಯಕ್ತಿಯಲ್ಲ. ಇಂಥ ಮನೆಯವರು ಅಲ್ಲಿಂದ ಇಲ್ಲಿಗೆ ಬಂದರು ಎಂದು ಹೇಳುವ ಹಕ್ಕನ್ನು ಈ ಪಟ್ಟಿ ನನಗೆ ಕೊಡುವುದಿಲ್ಲ.

ನಗರದೊಳಗೆ ಚಿತ್ರವೇ ಬೇರೆ. ಕೃಷ್ಣರಾಜವನ್ನು ಬಿಜೆಪಿಯ ಕೋಟೆ ಎನ್ನುತ್ತಾರೆ, ಲೋಕಸಭೆಗೆ ಆ ಮಾತು ಸಲ್ಲುತ್ತದೆ. ವಿಧಾನಸಭೆಗೆ ಇದೇ ಕ್ಷೇತ್ರ 2004ರಲ್ಲಿ ಜೆಡಿಎಸ್‌ನಿಂದಲೂ 2013ರಲ್ಲಿ ಕಾಂಗ್ರೆಸ್ಸಿನಿಂದಲೂ ಎಂ.ಕೆ. ಸೋಮಶೇಖರ್ ಅವರನ್ನು ಕಳುಹಿಸಿದೆ. ಅಗ್ರಹಾರ, ಕೃಷ್ಣಮೂರ್ತಿಪುರಂ ಒಂದು ಬಗೆ, ಅಶೋಕಪುರಂ ಇನ್ನೊಂದು ಬಗೆ; ನಡುವೆ ನಡೆದು ಹೋಗುವಷ್ಟು ದೂರ. ಚಾಮರಾಜವಂತೂ ನನಗೆ ಅತ್ಯಂತ ಪ್ರಿಯವಾದ ಕ್ಷೇತ್ರ. 1994ರಿಂದ ಸತತ ನಾಲ್ಕು ಬಾರಿ ಬಿಜೆಪಿಯ ಎಚ್.ಎಸ್. ಶಂಕರಲಿಂಗೇಗೌಡರನ್ನು ಗೆಲ್ಲಿಸಿದ ಈ ಕ್ಷೇತ್ರ 2013ರಿಂದ ಈಚೆಗೆ ಪ್ರತಿ ಚುನಾವಣೆಯಲ್ಲೂ ಶಾಸಕರನ್ನು ಬದಲಿಸಿದೆ. 2023ರಲ್ಲಿ ಕಾಂಗ್ರೆಸ್ಸಿಗೆ ಶಾಸಕ ಸ್ಥಾನ ಕೊಟ್ಟು, ಮರುವರ್ಷ ಏಪ್ರಿಲ್‌ನಲ್ಲಿ ಬಿಜೆಪಿಗೆ ಮುನ್ನಡೆ ಕೊಟ್ಟಿತು. ಪಡುವಾರಹಳ್ಳಿಯ ಟೀ ಅಂಗಡಿಯಲ್ಲಿ ಇದನ್ನು ಕೇಳಿದಾಗ ಅಲ್ಲಿದ್ದ ಹಿರಿಯರೊಬ್ಬರು, ‘ಮೇಷ್ಟರೇ, ಚರಂಡಿಗೆ ಒಬ್ಬರು, ದೇಶಕ್ಕೆ ಒಬ್ಬರು. ಇದರಲ್ಲಿ ಆಶ್ಚರ್ಯವೇನು?’ ಎಂದರು. ಕರ್ನಾಟಕಕ್ಕೆ ಇದು ಹೊಸತೂ ಅಲ್ಲ. 1984ರ ಡಿಸೆಂಬರಿನಲ್ಲಿ 28ರಲ್ಲಿ 24 ಲೋಕಸಭಾ ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟ ಜನ ಮೂರೇ ತಿಂಗಳಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ ಬಹುಮತ ಕೊಟ್ಟಿದ್ದರು.

ಕೆಲಸ ಮುಗಿಯುತ್ತ ಬಂದಂತೆ ಒಂದು ಅಳುಕು ನನ್ನನ್ನು ಕಾಡತೊಡಗಿತು. ಒಂದೊಂದು ಮತಗಟ್ಟೆಯ ಬೀದಿಗಳನ್ನು ಬಲ್ಲ ನನಗೆ, ಅಲ್ಲಿನ ಜನ ಯಾರಿಗೆ ಮತ ಹಾಕಿದರು ಎಂಬುದು ಹೆಚ್ಚುಕಡಿಮೆ ತಿಳಿದುಹೋಗುತ್ತಿತ್ತು. ನನಗೆ ತಿಳಿಯುವುದಾದರೆ ನಲ್ಲಿ, ರಸ್ತೆ ಹಂಚುವವರಿಗೂ ತಿಳಿಯುತ್ತದೆ. ಹಲವು ಯಂತ್ರಗಳ ಮತವನ್ನು ಒಟ್ಟಿಗೆ ಎಣಿಸುವ ಟೋಟಲೈಸರ್ ಬಳಸಬೇಕೆಂದು ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು, ಅದು ಜಾರಿಗೆ ಬರಲಿಲ್ಲ. ಹಾಗಾಗಿ ಚಿಕ್ಕ ಮತಗಟ್ಟೆಗಳ ಲೆಕ್ಕವನ್ನು ನಾನು ಯಾರಿಗೂ ಬಿಡಿಯಾಗಿ ಕೊಡುವುದಿಲ್ಲ. ಎರಡು ಪಕ್ಷಗಳವರು ಕೇಳಿಕೊಂಡು ಬಂದಿದ್ದರು, ಇಬ್ಬರಿಗೂ ಕೈ ಮುಗಿದು ಕಳುಹಿಸಿದೆ.

ಕೊನೆಯ ಅಂಕಣ ಮತದಾನದ ಪ್ರಮಾಣದ್ದು. 2024ರಲ್ಲಿ ಇಡೀ ಕ್ಷೇತ್ರದ ಮತದಾನ ಸುಮಾರು ಶೇ 70. ಪಿರಿಯಾಪಟ್ಟಣ, ಹುಣಸೂರು ಮುಂದೆ, ನಗರದ ಮೂರೂ ಹಿಂದೆ. ‘ಪಟ್ಟಣದವರು ಸೋಮಾರಿಗಳು’ ಎಂದು ಎಲ್ಲರೂ ಬೈಯುತ್ತಾರೆ. ನಾನು ನಮ್ಮ ಭಾಗದ ಪಟ್ಟಿ ಹಿಡಿದು, ಬಿಎಲ್ಒ (ಮತಗಟ್ಟೆ ಮಟ್ಟದ ಅಧಿಕಾರಿ) ಆಗಿರುವ ಅಂಗನವಾಡಿ ಕಾರ್ಯಕರ್ತೆಯ ಜೊತೆ ಮೂರು ಸಂಜೆ ಮನೆಮನೆ ತಿರುಗಿದೆ. ಬಾಡಿಗೆ ಮನೆ ಬಿಟ್ಟು ಬೆಂಗಳೂರಿಗೆ ಹೋದವರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ತೀರಿಕೊಂಡವರು, ಎಲ್ಲರೂ ಪಟ್ಟಿಯಲ್ಲಿದ್ದರು. ‘ಸರ್, ತೀರಿಕೊಂಡವರ ಹೆಸರು ತೆಗೆಯಲು ಮನೆಯವರೇ ಒಪ್ಪುವುದಿಲ್ಲ. ಹೆಸರಾದರೂ ಇರಲಿ ಬಿಡಮ್ಮ ಎನ್ನುತ್ತಾರೆ’ ಎಂದಳು ಆಕೆ. ಬಾರದವರೆಂದು ನಾವು ಎಣಿಸುವವರಲ್ಲಿ ಬರಲಾಗದವರು ಎಷ್ಟೋ ಮಂದಿ.

ಮೂರನೆಯ ಸಂಜೆ, ಬೀದಿಯ ಕೊನೆಯ ಹೆಂಚಿನ ಮನೆಯಲ್ಲಿ ಒಬ್ಬ ಅಜ್ಜಿ ಸಿಕ್ಕರು. 1971ರಿಂದ ಒಂದು ಚುನಾವಣೆಯನ್ನೂ ತಪ್ಪಿಸಿದವರಲ್ಲ. ಏಪ್ರಿಲ್ 26ರಂದು ಬೆಳಿಗ್ಗೆ ಏಳಕ್ಕೇ ಹೋಗಿ ಸರದಿಯಲ್ಲಿ ನಿಂತರೆ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ‘ನಾನು ಸತ್ತಿದ್ದೇನೆ ಎಂದು ಯಾರು ಬರೆದರಪ್ಪ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಜಗಲಿಯ ಮೇಲೆ ಕುಳಿತು, ಪಟ್ಟಿಗೆ ಹೆಸರು ಸೇರಿಸುವ ನಮೂನೆ 6 ತುಂಬಿದೆ, ಆಧಾರ್ ಪ್ರತಿ ಲಗತ್ತಿಸಿದೆ, ಅವರು ನಿಧಾನವಾಗಿ, ಒಂದೊಂದೇ ಅಕ್ಷರವನ್ನು ಬಿಡಿಸಿ ಸಹಿ ಮಾಡಿದರು. ಸ್ವೀಕೃತಿ ಸಂಖ್ಯೆಯನ್ನು ನನ್ನ ನೋಟ್‌ಬುಕ್ಕಿನಲ್ಲೂ ಬರೆದುಕೊಂಡಿದ್ದೇನೆ. ಹೊಸ ಪಟ್ಟಿ ಬಂದಾಗ ಮೊದಲು ತೆರೆದು ನೋಡಬೇಕಾದ ಸಾಲು ಅದು.