ರೀಮಾಸ್ಟರ್ ಸಿಡಿ ಹೋಲಿಸುವ ಮೊದಲು ಸೌಂಡ್ ಸಮ ಮಾಡಿ
ಒಂದೇ ಆಲ್ಬಮ್‌ನ ಹಳೆ ಸಿಡಿ, ಹೊಸ ರೀಮಾಸ್ಟರ್ (ಹಳೆ ರೆಕಾರ್ಡಿಂಗ್‌ನ ಸೌಂಡ್ ಮತ್ತೆ ತಿದ್ದಿ ತಂದ ಆವೃತ್ತಿ) ಎರಡೂ ಇದ್ದರೆ ಒಂದೇ ಹಾಡನ್ನು ಎರಡರಿಂದಲೂ ಕಂಪ್ಯೂಟರ್‌ಗೆ ರಿಪ್ ಮಾಡಿಕೊಳ್ಳಿ, ಅಂದರೆ ಫೈಲ್ ಆಗಿ ನಕಲಿಸಿಕೊಳ್ಳಿ. ಉಚಿತವಾಗಿ ಸಿಗುವ ಆಡಿಯೊ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ತೆರೆದು, 'ಲೌಡ್‌ನೆಸ್ ನಾರ್ಮಲೈಸೇಶನ್' ಹಾಕಿ ಎರಡನ್ನೂ ಒಂದೇ ಮಟ್ಟಕ್ಕೆ ತಂದು ಆಮೇಲೆ ಕೇಳಿ. ಸ್ವಲ್ಪ ಜೋರಾಗಿರೋದೇ ಚೆನ್ನಾಗಿದೆ ಅಂತ ನಮ್ಮ ಕಿವಿ ನಂಬಿಬಿಡುತ್ತದೆ, ಅಲ್ವಾ? ಸಿಡಿಯಲ್ಲಿ ಗರಿಷ್ಠ ಮಟ್ಟವಾದ 0 ಡೆಸಿಬಲ್ ದಾಟಿ ಹೋಗೋಕೆ ಜಾಗವೇ ಇಲ್ಲ. ಹಾಗಾಗಿ 1990ರ ದಶಕದಿಂದೀಚೆಗೆ ಎಷ್ಟೋ ಮಾಸ್ಟರ್‌ಗಳಲ್ಲಿ (ಸಿಡಿ ಅಚ್ಚಿಗೆ ಹೋಗುವ ಅಂತಿಮ ಪ್ರತಿ) ಇನ್ನೂ ಜೋರಾಗಿ ಕೇಳಿಸಲೆಂದು ಲಿಮಿಟರ್ (ಸೌಂಡ್ ಒಂದು ಮಿತಿ ದಾಟದಂತೆ ತಡೆಯುವ ಸಾಧನ) ಹಾಕಿ ಏರುಗಳನ್ನು ಅದುಮಿ, ಮೆಲುದನಿಯನ್ನೂ ಮೇಲಕ್ಕೆ ಎಳೆದಿದ್ದಾರೆ. ಸಮ ಮಾಡಿದ ಮೇಲೆ ಡ್ರಮ್ ಪೆಟ್ಟನ್ನೇ ಗಮನಿಸಿ: ಒಳ್ಳೆ ಮಾಸ್ಟರ್‌ನಲ್ಲಿ 'ಠಪ್' ಅಂತ ಎದ್ದು ಬರುತ್ತದೆ, ಅದುಮಿದ್ದರಲ್ಲಿ ಗಿಟಾರ್ ಜೊತೆಗೇ ಕಲಸಿಹೋಗುತ್ತದೆ. ಮೊದಲೇ ವೇವ್‌ಫಾರ್ಮ್ (ಆಡಾಸಿಟಿ ತೋರಿಸುವ ಸೌಂಡಿನ ಚಿತ್ರ) ನೋಡಿದರೂ ಸುಳಿವು ಸಿಗುತ್ತದೆ. ಬಾಚಣಿಗೆ ಹಲ್ಲಿನ ಹಾಗೆ ಏರಿಳಿತ ಇದ್ದರೆ ಸರಿ, ಇಟ್ಟಿಗೆ ಥರ ಗಟ್ಟಿ ಪಟ್ಟಿ ಕಂಡರೆ ಅನುಮಾನ ಪಡಿ. ಆದರೆ ಬರೀ ಚಿತ್ರ ನಂಬಬೇಡಿ. 1980ರ ದಶಕದ ಕೆಲವು ಸಿಡಿಗಳು ಎಲ್‌ಪಿ ರೆಕಾರ್ಡ್‌ಗೆಂದು ಮಾಡಿಟ್ಟ ಟೇಪ್ ಪ್ರತಿಯಿಂದ ಬಂದವು. ಏರಿಳಿತ ಚೆನ್ನಾಗಿದ್ದರೂ ಬೇಸ್ ಬಡಕಲು. ಇನ್ನು ಪ್ರೀ-ಎಂಫಸಿಸ್ (ಎತ್ತರದ ಸ್ವರಗಳನ್ನು ಮೊದಲೇ ಹೆಚ್ಚಿಸಿಟ್ಟಿರುವುದು) ಇರುವ ಹಳೆ ಸಿಡಿಯನ್ನು ಸುಮ್ನೆ ರಿಪ್ ಮಾಡಿದರೆ ಕೀರಲಾಗಿ ಕೇಳುತ್ತದೆ. ಅದು ಮಾಸ್ಟರ್ ತಪ್ಪಲ್ಲ, ಡೀ-ಎಂಫಸಿಸ್ ಮಾಡಿಕೊಂಡೇ, ಅಂದರೆ ಆ ಹೆಚ್ಚಳವನ್ನು ಇಳಿಸಿಕೊಂಡೇ ಹೋಲಿಸಬೇಕು.