ಹೋಮ್ ನರ್ಸ್, ಆಯಾಗಳ ವೆರಿಫಿಕೇಶನ್: ನಾನು ಮಾಡೋ ರೀತಿ

ಮೈಸೂರಲ್ಲಿ ಹೋಮ್ ನರ್ಸಿಂಗ್ ಬ್ಯೂರೋ ನಡೆಸೋಕೆ ಶುರು ಮಾಡಿ ಹನ್ನೊಂದು ವರ್ಷ ಆಯ್ತು. ವಯಸ್ಸಾದವರಿಗೆ ಅಟೆಂಡರ್, ಬಾಣಂತಿ ಮನೆಗೆ ಆಯಾ, ಮೂರು ವರ್ಷದಿಂದ ಒಂದು ಚಿಕ್ಕ ಡೇಕೇರ್ ಕೂಡ. ನಮ್ಮ ಲೈನ್‌ನಲ್ಲಿರೋರೇ "ಮೇಡಂ, ನೀವು ಜನರನ್ನ ಇಷ್ಟು ಜಾಲಾಡಿದ್ರೆ ಒಬ್ರೂ ಕೆಲಸಕ್ಕೆ ಸಿಗಲ್ಲ, ಆರು ತಿಂಗಳಲ್ಲಿ ಬಾಗಿಲು ಹಾಕ್ತೀರ" ಅಂದಿದ್ರು. ಹೀಗೆ ಜಾಲಾಡೋಕೆ ಶುರು ಮಾಡಿ ಎರಡೂವರೆ ವರ್ಷ ಆಯ್ತು, ಈಗ 38 ಜನ ಡ್ಯೂಟಿ ಮೇಲಿದಾರೆ, ಕಳ್ಳತನ, ಕೈ ಮಾಡಿದ್ದು ಅಂತ ಒಂದೂ ಕಂಪ್ಲೇಂಟ್ ಬಂದಿಲ್ಲ. ಅದಕ್ಕೇ ಬರೀತಿದೀನಿ.

ಸೇವಾ ಸಿಂಧುನಲ್ಲಿ ಪೊಲೀಸ್ ವೆರಿಫಿಕೇಶನ್ ಹಾಕೋದು ನಿಮಗೆಲ್ಲ ಗೊತ್ತಿರೋದೇ, ಅದನ್ನ ಹೇಳಲ್ಲ. ನಾನೂ ಎಂಟು ವರ್ಷ ಪೊಲೀಸ್ ವೆರಿಫಿಕೇಶನ್ ಒಂದನ್ನೇ ನಂಬ್ಕೊಂಡಿದ್ದೆ. ಆಮೇಲೆ ಸರಸ್ವತಿಪುರಂನಲ್ಲಿ ಮರೆವಿನ ಕಾಯಿಲೆ ಇದ್ದ ಒಬ್ಬ ಅಜ್ಜಿ ಮನೆಗೆ ಒಬ್ಬಳನ್ನ ಕಳಿಸಿದ್ದೆ, ಸರ್ಟಿಫಿಕೇಟ್ ಕ್ಲೀನ್, ಮಾತು ಮೆತ್ತಗೆ, ಕೆಲಸ ಚುರುಕು. ಮೂರನೇ ವಾರ ಅಜ್ಜಿ ಮಗಳು ಫೋನ್ ಮಾಡಿ ಒಂದ್ಸಲ ಬನ್ನಿ ಅಂದ್ರು. ಹೋಗಿ ನೋಡಿದ್ರೆ ಎಡಗೈ ಮಣಿಕಟ್ಟಿನ ಹತ್ರ, ಬಳೆ ಕೂರೋ ಜಾಗದಲ್ಲಿ, ಬೆರಳಿನ ಗುರುತು. ಎರಡು ಹಳದಿ ತಿರುಗಿತ್ತು, ಎರಡು ಇನ್ನೂ ನೀಲಿ. ಒಂದೇ ದಿನದ್ದಲ್ಲ ಅನ್ನಿಸ್ತು. ಅಜ್ಜಿ ಕೈನ ಸೆರಗಿನೊಳಗೆ ಎಳ್ಕೊಂಡು "ಬೀರು ತಗುಲ್ತು ಕಣಮ್ಮ" ಅಂದ್ರು. ಆ ಕೈ ಇವತ್ತಿಗೂ ಕಣ್ಮುಂದೆ ಬರುತ್ತೆ.

ಆಮೇಲೆ ಹುಡುಕಿದಾಗ ಗೊತ್ತಾಯ್ತು, ಮಂಡ್ಯ ಜಿಲ್ಲೆಯ ಒಂದು ತಾಲ್ಲೂಕು ಕೋರ್ಟ್‌ನಲ್ಲಿ ಅವಳ ಮೇಲೆ ಅತ್ತೆಗೆ ಹೊಡೆದ ಕೇಸ್ ನಡೀತಾ ಇತ್ತು. ಸರ್ಟಿಫಿಕೇಟ್‌ನಲ್ಲಿ ನಾನು ಕೊಟ್ಟಿದ್ದು ಮೈಸೂರಿನ ಬಾಡಿಗೆ ಮನೆ ವಿಳಾಸ, ಅಲ್ಲಿಗೆ ಅವಳು ಬಂದು ನಾಲ್ಕು ತಿಂಗಳು. ಆಧಾರ್‌ನಲ್ಲಿ ಒಂದು ಹೆಸರು, ಕೋರ್ಟ್‌ನಲ್ಲಿ ಊರಲ್ಲಿ ಕರೆಯೋ ಹೆಸರು. ಆ ಮನೆಯವರಿಗೆ ಹದಿನೆಂಟು ಸಾವಿರ ವಾಪಸ್ ಕೊಟ್ಟೆ, ಡಾಕ್ಟರ್ ಖರ್ಚು ಬೇರೆ, ವಿಷಯ ಹರಡಿ ಇನ್ನೂ ಮೂರು ಮನೆ ಬಿಟ್ಟುಹೋದ್ರು. ಆ ವರ್ಷ ಏನಿಲ್ಲ ಅಂದ್ರೂ ಒಂದೂವರೆ ಲಕ್ಷ ಹೋಯ್ತು.

ಹೆದರಿ ಒಂದು ಪ್ರೈವೇಟ್ ವೆರಿಫಿಕೇಶನ್ ಕಂಪನಿಗೆ ಕೊಟ್ಟೆ, ತಲೆಗೆ ಸುಮಾರು 1,200. ಎರಡೇ ದಿನಕ್ಕೆ ಚೆಂದದ ರಿಪೋರ್ಟ್, ಎಲ್ಲರದ್ದೂ "ನೋ ರೆಕಾರ್ಡ್ ಫೌಂಡ್". ಇಪ್ಪತ್ತು ಜನರದ್ದು ಹೀಗೇ ಬಂದಾಗ ಅನುಮಾನ ಬಂತು. ನಮ್ಮ ಸಂಬಂಧಿ ಒಬ್ಬರ ಮೇಲೆ ಜಮೀನು ಜಗಳದ ಕೇಸ್ ಏಳು ವರ್ಷದಿಂದ ಇದೆ, ಅವರನ್ನ ಕೇಳ್ಕೊಂಡು ಅವರ ಹೆಸರು, ವಿಳಾಸ ಎಲ್ಲ ಸರಿಯಾಗೇ ಕಳಿಸಿದೆ. ಅವರದ್ದೂ ಕ್ಲೀನ್! ಅವತ್ತೇ ನಿಲ್ಲಿಸಿದೆ.

ನಮ್ಮ ಕ್ಲೈಂಟ್‌ಗಳಲ್ಲಿ ಅರ್ಧಕ್ಕರ್ಧ ಮಕ್ಕಳು ಫಾರಿನ್‌ನಲ್ಲಿರೋ ಮನೆಗಳು. ಲಂಡನ್‌ನಲ್ಲಿರೋ ಒಬ್ಬರು "ಇಲ್ಲಿ ಡಿಬಿಎಸ್ ಚೆಕ್ (ಸರ್ಕಾರದ ಕ್ರಿಮಿನಲ್ ರೆಕಾರ್ಡ್ ತಪಾಸಣೆ) ಇಲ್ದೆ ಮಕ್ಕಳ ಹತ್ರ, ವಯಸ್ಸಾದವರ ಹತ್ರ ಕೆಲಸಕ್ಕೆ ಸೇರಿಸಲ್ಲ, ಕೆಲಸ ಮಾಡಬಾರದವರ ಲಿಸ್ಟೇ ಬೇರೆ ಇದೆ, ನಿಮ್ಮಲ್ಲಿ ಅಂಥದ್ದಿಲ್ವಾ" ಅಂತ ಕೇಳಿದ್ರು. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಡೇಟಾಬೇಸ್ ನಮ್ಮಲ್ಲೂ 2018ರಲ್ಲಿ ಬಂತು, ಆದ್ರೆ ಪೊಲೀಸರು ಮಾತ್ರ ನೋಡಬಹುದು, ನಮ್ಮಂಥವರಿಗೆ ಸಿಗಲ್ಲ. ಎಫ್‌ಐಆರ್ ಆನ್‌ಲೈನ್ ಇದೆಯಲ್ಲ ಅಂತೀರ, 2016ರಲ್ಲಿ ಸುಪ್ರೀಂ ಕೋರ್ಟ್ ಎಫ್‌ಐಆರ್ ಅಪ್‌ಲೋಡ್ ಮಾಡಿ ಅಂತ ಹೇಳಿದಾಗಲೇ ಲೈಂಗಿಕ ಅಪರಾಧದಂಥ ಸೂಕ್ಷ್ಮ ಕೇಸ್‌ಗಳನ್ನ ಬಿಟ್ಟು ಅಂತ ಹೇಳಿತ್ತು, ಹಾಗಾಗಿ ನಮಗೆ ಬೇಕಾಗಿರೋದೇ ಅಲ್ಲಿರಲ್ಲ.

ಕೊನೆಗೆ ಕೈ ಹಿಡಿದಿದ್ದು ಇ-ಕೋರ್ಟ್ಸ್, ಕೋರ್ಟ್ ಕೇಸ್‌ಗಳನ್ನ ಹುಡುಕೋ ಸರ್ಕಾರಿ ವೆಬ್‌ಸೈಟ್. ಫ್ರೀ. ಆದ್ರೆ ಸುಮ್ಮನೆ ಹೆಸರು ಹೊಡೆದು "ಏನೂ ಬರಲಿಲ್ಲ" ಅಂತ ಮುಚ್ಚೋದಲ್ಲ. ಪಾರ್ಟಿ ನೇಮ್ (ಕೇಸ್‌ನಲ್ಲಿರೋರ ಹೆಸರು) ಅನ್ನೋ ಹುಡುಕಾಟದಲ್ಲಿ ವರ್ಷ ಒಂದೊಂದೇ ಹಾಕಬೇಕು, ಕೋರ್ಟ್ ಕಾಂಪ್ಲೆಕ್ಸ್ ಒಂದೊಂದೇ ಹಾಕಬೇಕು. ಚಾಮರಾಜನಗರ ಜಿಲ್ಲೆಯವರು ಅಂದ್ರೆ ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲ, ಯಳಂದೂರು ಹೀಗೆ ಲಿಸ್ಟ್‌ನಲ್ಲಿರೋದನ್ನೆಲ್ಲ ನೋಡಬೇಕು, ಈ ನಾಲ್ಕಕ್ಕೇ ಹತ್ತು ವರ್ಷ ಅಂದ್ರೆ ನಲವತ್ತು ಸಲ, ಒಂದೊಂದಕ್ಕೂ ಕ್ಯಾಪ್ಚಾ. ಪೆಂಡಿಂಗ್, ಡಿಸ್ಪೋಸ್ಡ್ (ಮುಗಿದಿದ್ದು) ಎರಡೂ ನೋಡಿ. ತುಂಬಾ ಜನ ತಪ್ಪೋದು ಎಲ್ಲಿ ಅಂದ್ರೆ ಊರಿನ ತಾಲ್ಲೂಕು ಕೋರ್ಟ್ ನೋಡಿ ಬಿಟ್ಟುಬಿಡ್ತಾರೆ, ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ) ಕೇಸ್ ನಡೆಯೋದು ಸೆಷನ್ಸ್ ಮಟ್ಟದ ಸ್ಪೆಷಲ್ ಕೋರ್ಟ್‌ನಲ್ಲಿ, ಜಿಲ್ಲಾ ಕೇಂದ್ರ ನೋಡ್ಲೇಬೇಕು. ಇನ್ನು ಹೆಸರು. ಮಂಜುನಾಥ ಅನ್ನೋದನ್ನ ಟೈಪಿಸ್ಟ್ ಎಷ್ಟು ತರ ಹೊಡೀತಾರೆ ಅಂತ ನೋಡಿ, ಕೊನೇಲಿ ಎ ಇದ್ದೂ ಇಲ್ದೆಯೂ, ಎಚ್ ಬಿಟ್ಟು, ಬರೀ ಮಂಜು ಅಂತ, ಅಲಿಯಾಸ್ ಹಾಕಿ ಅಡ್ಡಹೆಸರು. ಪೂರ್ತಿ ಹೆಸರು ಹೊಡೀಬೇಡಿ, ಮೊದಲ ನಾಲ್ಕೈದು ಅಕ್ಷರ ಸಾಕು, ಬಂದ ಲಿಸ್ಟ್‌ನಲ್ಲಿ ಕಣ್ಣಾಡಿಸಿ. ಹೆಂಗಸರಾದ್ರೆ ತವರೂರಿನ ಜಿಲ್ಲೇನೂ ಸೇರಿಸಿ. ಆಫೀಸ್ ಹುಡುಗಿಗೆ ಒಬ್ಬರದ್ದು ಮುಗಿಸೋಕೆ ಮೊದಮೊದಲು ಅರ್ಧ ದಿನ ಹಿಡೀತಿತ್ತು, ಈಗ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಗೆ ಹೇಗೆ ಬಂತು ಅನ್ನೋದು ನಮ್ಮಿಬ್ಬರ ಹತ್ರ ಇರಲಿ.

ಕೇಸ್ ಸಿಕ್ಕಿದ ತಕ್ಷಣ ಓಡಿಸ್ಬೇಡಿ, ನಾನು ಆ ತಪ್ಪು ಮಾಡಿದೀನಿ. ಎಚ್.ಡಿ. ಕೋಟೆ ಕಡೆಯ ಒಬ್ಬರ ಹೆಸರು, ತಂದೆ ಹೆಸರು ಎರಡೂ ಕೂಡಿತು, ಕಳ್ಳತನದ ಕೇಸ್, ಬೇಡ ಅಂದುಬಿಟ್ಟೆ. ಅವರು ಮಾತಾಡದೆ ಬ್ಯಾಗ್ ತಗೊಂಡು ಹೋದ್ರು. ವಾರ ಆದ್ಮೇಲೆ ಊರಿಂದ ವಿಚಾರಿಸಿದ್ರೆ ಅದು ಪಕ್ಕದೂರಿನ ಬೇರೆ ಮನುಷ್ಯ. ನಾನೇ ಬಸ್ ಹತ್ತಿ ಹೋಗಿ ತಪ್ಪಾಯ್ತು ಅಂತ ಕೇಳ್ಕೊಂಡು ಕರ್ಕೊಂಡು ಬಂದೆ, ಇವತ್ತು ನನ್ನ ಬೆಸ್ಟ್ ಅಟೆಂಡರ್ ಅವರೇ. ಹಳ್ಳೀಲಿ ಬೇಲಿ ಜಗಳಕ್ಕೆಲ್ಲ ಐಪಿಸಿ 504, 506 (ಅವಮಾನ, ಬೆದರಿಕೆ) ಸೇರಿಸಿರ್ತಾರೆ, ಅದಕ್ಕೆಲ್ಲ ನಾನು ತಲೆ ಕೆಡಿಸ್ಕೊಳ್ಳಲ್ಲ, ಕೂರಿಸಿ ಕೇಳ್ತೀನಿ, ಮುಚ್ಚಿಡದೆ ಹೇಳಿದ್ರೆ ಮುಂದಕ್ಕೆ. ಮಕ್ಕಳು, ಹೆಂಗಸರು, ವಯಸ್ಸಾದವರ ಮೇಲೆ ಕೈ ಮಾಡಿದ್ದು, ಮನೆಗಳ್ಳತನ, ಇವು ಪೆಂಡಿಂಗ್ ಇದ್ರೂ ನನ್ನಲ್ಲಿ ಕೆಲಸ ಇಲ್ಲ. 2024 ಜುಲೈ 1ರಿಂದ ಸೆಕ್ಷನ್ ನಂಬರ್ ಎಲ್ಲ ಬದಲಾಗಿದೆ, ಐಪಿಸಿ ಜಾಗಕ್ಕೆ ಬಂದ ಬಿಎನ್‌ಎಸ್ ಪಟ್ಟಿ ಪಕ್ಕದಲ್ಲಿಟ್ಕೊಳ್ಳಿ. ಒಬ್ಬ ಹುಡುಗನ ಬಗ್ಗೆ ಊರವರು ಹದಿನಾರನೇ ವಯಸ್ಸಿನ ಕೇಸ್ ಒಂದನ್ನ ಹೇಳಿದ್ರು, ಚಿಕ್ಕ ಕಳ್ಳತನ. ಬಾಲನ್ಯಾಯ ಕಾಯ್ದೆ ಪ್ರಕಾರ ಅದು ಅವನಿಗೆ ಅಡ್ಡಿ ಆಗಬಾರದು, ಫೈಲ್‌ನಲ್ಲಿ ಬರೀಲೂ ಇಲ್ಲ.

ಊರಿಗೆ ಜನ ಕಳಿಸೋದು ಎರಡನೇ ಹೆಜ್ಜೆ. ಬಸ್ ಚಾರ್ಜು, ಬಾಟಾ ಎಲ್ಲ ಸೇರಿ ಎಂಟುನೂರು, ಒಂಬೈನೂರು ಬೀಳುತ್ತೆ. ಪಂಚಾಯ್ತಿ ಮೆಂಬರ್ ಹತ್ರ ಹೋಗ್ಬೇಡಿ, ಎಲ್ಲರೂ ಒಳ್ಳೆಯವರೇ ಅಂತಾರೆ. ಅಂಗನವಾಡಿ ಟೀಚರ್, ಹಾಲಿನ ಡೇರಿ ಸೆಕ್ರೆಟರಿ, ಪೆಟ್ಟಿಗೆ ಅಂಗಡಿ. ಅಲ್ಲಿ ನಾನು ಕೇಳ್ಸೋ ಪ್ರಶ್ನೆ ಒಂದೇ, ಅದನ್ನ ಇಲ್ಲಿ ಬರೆದ್ರೆ ನಾಳೆಯಿಂದ ಕೆಲಸ ಮಾಡಲ್ಲ.

ನಡುವೆ ಒಂದು ಪ್ರಯೋಗ ಮಾಡಿದ್ದೆ, ಸೈಕಾಲಜಿ ಓದಿದ ಪರಿಚಯದವರಿಂದ ನಲವತ್ತು ಪ್ರಶ್ನೆ ಬರೆಸಿ "ಮಗು ಅತ್ತರೆ ಏನು ಮಾಡ್ತೀರ" ಅಂತೆಲ್ಲ, ಎಲ್ಲರೂ ಸರಿಯಾದ್ದಕ್ಕೇ ಟಿಕ್ ಹಾಕಿದ್ರು, ಆರು ಸಾವಿರ ದಂಡ. ಟ್ರೂಕಾಲರ್ ಅದಕ್ಕಿಂತ ಎಷ್ಟೋ ವಾಸಿ, ಒಬ್ಬನ ನಂಬರ್ ಹಾಕಿದ್ರೆ ಹೆಸರಿನ ಪಕ್ಕ ಬೇರೆ ಜಿಲ್ಲೆಯ ವೃದ್ಧಾಶ್ರಮ ಅಂತ ಬಂತು, ಬಯೋಡೇಟಾದಲ್ಲಿ ಆ ಕೆಲಸ ಇರ್ಲೇ ಇಲ್ಲ. ಫೋನ್ ಮಾಡಿದ್ರೆ ಯಾಕೆ ಬಿಡಿಸಿದ್ರು ಅಂತ ಗೊತ್ತಾಯ್ತು.

ಖರ್ಚು ತಲೆಗೆ ಎರಡು ಸಾವಿರದ ಹತ್ರ, ಪೂರ್ತಿ ನನ್ನದೇ. ಮೊದಲು ಅವರ ಸಂಬಳದಲ್ಲಿ ಹಿಡೀತಿದ್ದೆ, ಒಳ್ಳೆಯವರೇ ಬಿಟ್ಟುಹೋಗ್ತಿದ್ರು. ಶುರುವಲ್ಲೇ ಒಪ್ಪಿಗೆ ಪತ್ರ, ಕನ್ನಡದಲ್ಲಿ, ಓದಿ ಹೇಳಿ ಸಹಿ. ಅರ್ಧ ಜನ ಆ ಪತ್ರ ನೋಡಿಯೇ ನಾಳೆ ಬರ್ತೀನಿ ಅಂತ ಹೋದವರು ಬರಲ್ಲ, ನನಗೆ ಅಲ್ಲೇ ದುಡ್ಡು ಉಳೀತು. ಈವರೆಗೆ ನೂರನಲವತ್ತು ಜನರದ್ದು ನೋಡಿರಬಹುದು, ಹನ್ನೊಂದು ಜನರನ್ನ ವಾಪಸ್ ಕಳಿಸಿದೀನಿ. ಫೈಲ್ ತೋರಿಸಿದ್ರೆ ಮನೆಯವರು ತಿಂಗಳಿಗೆ ಸಾವಿರದೈನೂರು ಜಾಸ್ತಿ ಕೊಡೋಕೆ ಚೌಕಾಸಿ ಮಾಡಲ್ಲ.

ಡೇಕೇರ್ ಇರೋರು ಒಂದು ತಿಳ್ಕೊಳ್ಳಿ, 2020ರ ಪೋಕ್ಸೋ ನಿಯಮದಲ್ಲಿ ಶಾಲೆ, ಶಿಶುವಿಹಾರ, ಸ್ಪೋರ್ಟ್ಸ್ ಅಕಾಡೆಮಿ ಎಲ್ಲದಕ್ಕೂ ಪೊಲೀಸ್ ವೆರಿಫಿಕೇಶನ್ ಕಡ್ಡಾಯ, ಕಾಂಟ್ರಾಕ್ಟ್‌ನವರೂ ಸೇರಿ, ಅದೂ ಒಂದು ಸಲ ಅಲ್ಲ, ಕಾಲಕಾಲಕ್ಕೆ. ಹಾಗಾಗಿ ವ್ಯಾನ್ ಡ್ರೈವರ್, ಗುಡಿಸೋ ಅಕ್ಕ, ನಾನು, ನನ್ನ ತಂಗಿ, ಎಲ್ಲರದ್ದೂ ಪ್ರತಿ ವರ್ಷ ದಸರಾ ಆದ್ಮೇಲೆ ಮತ್ತೆ ಮಾಡಿಸ್ತೀನಿ.

ಇನ್ನೂ ಬಗೆಹರಿಯದೇ ಇರೋದು ಒಡಿಶಾ, ಜಾರ್ಖಂಡ್ ಕಡೆಯಿಂದ ಬರೋರದ್ದು. ಪಾಸ್‌ಪೋರ್ಟ್ ಆಫೀಸ್ ಕೊಡೋ ಪಿಸಿಸಿ (ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್) ಫಾರಿನ್‌ಗೆ ಹೋಗೋರಿಗೆ ಮಾತ್ರ, ಇಲ್ಲಿನ ಕೆಲಸಕ್ಕೆ ಅದು ಆಗಲ್ಲ, ಅವರಲ್ಲಿ ಯಾರ ಹತ್ರ ಪಾಸ್‌ಪೋರ್ಟ್ ತಾನೇ ಇರುತ್ತೆ ಹೇಳಿ. ಇ-ಕೋರ್ಟ್ಸ್ ನೋಡ್ತೀವಿ, ಆದ್ರೆ ಊರಿಗೆ ಜನ ಕಳಿಸೋಕಾಗಲ್ಲ, ಅಂಗಡಿಯವರನ್ನ ಕೇಳೋಕೆ ಭಾಷೆ ಬರಲ್ಲ. ಸದ್ಯಕ್ಕೆ ಅವರನ್ನ ಡೇಕೇರ್‌ನಲ್ಲಿ ಇನ್ನೊಬ್ಬರ ಜೊತೆಗೇ ಹಾಕ್ತೀನಿ, ಒಂಟಿ ಅಜ್ಜಿ ಇರೋ ಮನೆಗೆ ಕಳಿಸಲ್ಲ. ಆ ಕಡೆ ನಂಬಿಕಸ್ಥರು ಯಾರಾದ್ರೂ ಸಿಕ್ಕಿದ್ರೆ ಊರು ಭೇಟಿಗೆ ಎರಡು ಸಾವಿರ ಕೊಡೋಕೂ ರೆಡಿ ಇದೀನಿ.