ಚಿಕ್ಕ ಮಕ್ಕಳಿಗೆ ವಾಕ್ಯರೂಪದ ಲೆಕ್ಕ ಕಲಿಸುವುದು ಹೇಗೆ: ಮೊದಲು ಕಥೆ, ಆಮೇಲೆ ಸಂಖ್ಯೆ

ವಾಕ್ಯರೂಪದ ಲೆಕ್ಕವೊಂದನ್ನು ಓದಿ ಮುಗಿಸಿದ ಮಗು ತಲೆಯೆತ್ತಿ ಕೇಳುವ ಪ್ರಶ್ನೆ ಬಹುತೇಕ ಒಂದೇ: “ಇದು ಕೂಡುವ ಲೆಕ್ಕವೋ, ಕಳೆಯುವ ಲೆಕ್ಕವೋ?” ಪಕ್ಕದಲ್ಲಿ ಕುಳಿತ ದೊಡ್ಡವರು “ಕಳೆಯಬೇಕು” ಎಂದುಬಿಟ್ಟರೆ ಉತ್ತರ ಕ್ಷಣದಲ್ಲಿ ಬರುತ್ತದೆ, ಪುಟವೂ ತುಂಬುತ್ತದೆ. ಆದರೆ ಆ ಲೆಕ್ಕದಲ್ಲಿ ಮಗು ಕಲಿಯಬೇಕಾಗಿದ್ದ ಭಾಗವನ್ನು ದೊಡ್ಡವರೇ ಮಾಡಿ ಮುಗಿಸಿರುತ್ತಾರೆ. 13ರಿಂದ 8ನ್ನು ಕಳೆಯುವ ಅಭ್ಯಾಸ ಬೇರೆ ಕಡೆಯೂ ಆಗುತ್ತದೆ. ಒಂದು ಸನ್ನಿವೇಶವನ್ನು ಮನಸ್ಸಿನಲ್ಲಿ ಕಟ್ಟಿಕೊಂಡು, ಅದರಲ್ಲಿ ಯಾವುದು ಗೊತ್ತಿದೆ, ಯಾವುದು ಗೊತ್ತಿಲ್ಲ ಎಂದು ಗುರುತಿಸುವ ಅಭ್ಯಾಸ ಸಿಗುವುದು ವಾಕ್ಯರೂಪದ ಲೆಕ್ಕದಲ್ಲಿ ಮಾತ್ರ. ಆರರಿಂದ ಒಂಬತ್ತು ವರ್ಷದ ಮಕ್ಕಳಿಗೆ ಈ ಅಭ್ಯಾಸವನ್ನು ಮಾಡಿಸುವ ಬಗೆಯನ್ನು, ಮನೆಯಲ್ಲಿ ಕಲಿಸುವವರಿಗೂ ತರಗತಿಯಲ್ಲಿ ಕಲಿಸುವವರಿಗೂ ಉಪಯೋಗವಾಗುವಂತೆ, ಇಲ್ಲಿ ವಿವರಿಸಲಾಗಿದೆ.

ಸಂಖ್ಯೆಗಳನ್ನು ಮುಚ್ಚಿಟ್ಟು ಓದಿಸಿ

ಮೊದಲ ಓದಿನಲ್ಲಿ ಸಂಖ್ಯೆಗಳು ಬೇಡ. “ಒಂದು ಮರದ ಮೇಲೆ 8 ಗುಬ್ಬಿಗಳು ಕುಳಿತಿದ್ದವು, ಆಮೇಲೆ 5 ಗುಬ್ಬಿಗಳು ಹಾರಿಬಂದವು” ಎಂಬುದನ್ನು “ಮರದ ಮೇಲೆ ಕೆಲವು ಗುಬ್ಬಿಗಳು ಕುಳಿತಿದ್ದವು, ಆಮೇಲೆ ಇನ್ನು ಕೆಲವು ಹಾರಿಬಂದವು” ಎಂದು ಓದಿ ಹೇಳಿ. ಅಂಕಿಗಳ ಮೇಲೆ ಬೆರಳಿಟ್ಟು ಮುಚ್ಚಿದರೂ ಸಾಕು. ಈಗ ಏನಾಯಿತು ಎಂಬುದನ್ನು ಮಗು ತನ್ನ ಮಾತಿನಲ್ಲಿ ಹೇಳಲಿ. ಕೊನೆಯಲ್ಲಿ ಮರದ ಮೇಲಿನ ಗುಬ್ಬಿಗಳು ಮೊದಲಿಗಿಂತ ಹೆಚ್ಚಾದವೋ ಕಡಿಮೆಯಾದವೋ ಎಂದು ಕೇಳಿ. ಸಂಖ್ಯೆ ಕಣ್ಣಿಗೆ ಬಿದ್ದ ಕೂಡಲೇ ಏನಾದರೊಂದು ಮಾಡಿಬಿಡಬೇಕೆಂಬ ಆತುರ ಮಕ್ಕಳಲ್ಲಿ ಏಳುತ್ತದೆ. ಸಂಖ್ಯೆಯೇ ಇಲ್ಲದಿದ್ದಾಗ ಕಥೆಯನ್ನು ಗಮನಿಸದೆ ಬೇರೆ ದಾರಿಯಿರುವುದಿಲ್ಲ. ಕಥೆ ಹಿಡಿತಕ್ಕೆ ಸಿಕ್ಕಿತೆಂದು ಅನ್ನಿಸಿದ ಮೇಲೆ ಅಂಕಿಗಳನ್ನು ತೋರಿಸಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅಕ್ಷರ ಕೂಡಿಸಿ ಓದುವುದರಲ್ಲಿಯೇ ದಣಿಯುವ ಮಗುವಿಗೆ ಕಥೆಯನ್ನು ನೆನಪಿಟ್ಟುಕೊಳ್ಳಲು ಶಕ್ತಿ ಉಳಿಯುವುದಿಲ್ಲ. ಅಂಥ ಮಗುವಿಗೆ ಲೆಕ್ಕವನ್ನು ನೀವೇ ಎರಡು ಮೂರು ಸಲ ನಿಧಾನವಾಗಿ ಓದಿ ಹೇಳಿದರೆ ತಪ್ಪೇನೂ ಇಲ್ಲ. ಓದಿನ ತೊಡಕನ್ನು ಗಣಿತದ ತೊಡಕೆಂದು ತಿಳಿದು “ಇವಳಿಗೆ ಲೆಕ್ಕ ಹತ್ತುವುದಿಲ್ಲ” ಎಂದು ತೀರ್ಮಾನಿಸುವುದು ಮಗುವಿಗೆ ಮಾಡುವ ದೊಡ್ಡ ಅನ್ಯಾಯ.

ಗೊತ್ತಿಲ್ಲದ ಸಂಖ್ಯೆ ಎಲ್ಲಿದೆ?

ಒಂದೇ ಗುಬ್ಬಿಗಳ ಕಥೆಯಿಂದ ಮೂರು ಲೆಕ್ಕಗಳು ಹುಟ್ಟುತ್ತವೆ. 8 ಗುಬ್ಬಿಗಳಿದ್ದವು, 5 ಬಂದವು, ಈಗ ಎಷ್ಟಿವೆ? ಇದು ಮೊದಲನೆಯದು. 8 ಗುಬ್ಬಿಗಳಿದ್ದವು, ಇನ್ನು ಕೆಲವು ಬಂದವು, ಈಗ 13 ಇವೆ, ಬಂದವು ಎಷ್ಟು? ಇದು ಎರಡನೆಯದು. ಕೆಲವು ಗುಬ್ಬಿಗಳಿದ್ದವು, 5 ಬಂದವು, ಈಗ 13 ಇವೆ, ಮೊದಲು ಎಷ್ಟಿದ್ದವು? ಇದು ಮೂರನೆಯದು. ದೊಡ್ಡವರ ಕಣ್ಣಿಗೆ ಮೂರೂ ಸಮಾನವಾಗಿ ಸುಲಭ. ಮಕ್ಕಳಿಗೆ ಹಾಗಲ್ಲ, ಅದಕ್ಕೆ ಕಾರಣವೂ ಸ್ಪಷ್ಟವಾಗಿದೆ. ಚಿಕ್ಕ ಮಗು ಲೆಕ್ಕ ಬಿಡಿಸುವುದು ಕಥೆಯನ್ನು ನಡೆದ ಕ್ರಮದಲ್ಲಿಯೇ ಕೈಯಲ್ಲಿ ಆಡಿ ನೋಡುವುದರ ಮೂಲಕ. ಮೊದಲ ಲೆಕ್ಕದಲ್ಲಿ 8 ಮಣಿಗಳನ್ನಿಟ್ಟು, 5 ಸೇರಿಸಿ, ಎಲ್ಲವನ್ನೂ ಎಣಿಸಿದರೆ ಮುಗಿಯಿತು. ಎರಡನೆಯದರಲ್ಲಿ 8 ಮಣಿಗಳನ್ನಿಟ್ಟು, 13 ಆಗುವವರೆಗೆ ಒಂದೊಂದಾಗಿ ಸೇರಿಸುತ್ತ ಹೋಗಿ, ಸೇರಿಸಿದವನ್ನು ಬೇರೆಯಾಗಿ ಎಣಿಸಬೇಕು. ಆದ್ದರಿಂದ ಅವನ್ನು ಮೊದಲಿನವುಗಳೊಂದಿಗೆ ಬೆರೆಸಬಾರದೆಂಬ ಮುಂದಾಲೋಚನೆ ಬೇಕು. ಮೂರನೆಯದರಲ್ಲಿ ಮೊದಲಿಗೆ ಎಷ್ಟು ಮಣಿ ಇಡಬೇಕೆಂಬುದೇ ಗೊತ್ತಿಲ್ಲ. ಕಥೆಯನ್ನು ಮುಂದಿನಿಂದ ಆಡಲು ಬರುವುದಿಲ್ಲ, ಹಿಂದಿನಿಂದ ಬಿಚ್ಚಬೇಕಾಗುತ್ತದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಥಾಮಸ್ ಕಾರ್ಪೆಂಟರ್, ಎಲಿಜಬೆತ್ ಫೆನೆಮಾ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಿಂದ ನಡೆಸಿದ ಅಧ್ಯಯನಗಳು ಇಂಥ ಭೇದಗಳನ್ನು ವಿಂಗಡಿಸಿ, ಮಕ್ಕಳು ಪ್ರತಿಯೊಂದನ್ನೂ ಹೇಗೆ ಬಿಡಿಸುತ್ತಾರೆಂಬುದನ್ನು ಶಿಕ್ಷಕರ ಮುಂದಿಟ್ಟವು.

ಆದ್ದರಿಂದ ಮಗು ಎಡವಿದಾಗ ಸಂಖ್ಯೆ ದೊಡ್ಡದಾಯಿತೇ ಎಂದು ನೋಡುವ ಮೊದಲು, ಗೊತ್ತಿಲ್ಲದ ಸಂಖ್ಯೆ ಕಥೆಯ ಯಾವ ಜಾಗದಲ್ಲಿದೆ ಎಂದು ನೋಡಿ. ಕೊನೆಯಲ್ಲಿದ್ದರೆ ಸುಲಭ, ನಡುವೆಯಿದ್ದರೆ ತುಸು ಕಷ್ಟ, ಮೊದಲಲ್ಲಿದ್ದರೆ ಬಹಳ ಕಷ್ಟ. ಅಭ್ಯಾಸದ ಪುಟಗಳಲ್ಲಿ ಮೊದಲನೆಯ ಬಗೆಯ ಲೆಕ್ಕಗಳೇ ತುಂಬಿದ್ದರೆ, ಉಳಿದ ಎರಡು ಬಗೆಗಳನ್ನು ನೀವೇ ರಚಿಸಿ ಕೊಡಬೇಕು. ಆಗ ಸಂಖ್ಯೆಗಳು 10ರ ಒಳಗೇ ಇರಲಿ.

ಗುರುತಿನ ಪದಗಳನ್ನು ನಂಬಿಸಬೇಡಿ

“‘ಒಟ್ಟು’ ಎಂದಿದ್ದರೆ ಕೂಡು, ‘ಉಳಿದ’ ಎಂದಿದ್ದರೆ ಕಳೆ” ಎಂದು ಬಾಯಿಪಾಠ ಮಾಡಿಸುವ ರೂಢಿಯನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಕಲಿಸುವವರ ಉದ್ದೇಶ ಒಳ್ಳೆಯದೇ, ಮೊದಲ ಕೆಲವು ವಾರ ಫಲಿತಾಂಶವೂ ಚೆನ್ನಾಗಿಯೇ ಬರುತ್ತದೆ. ಆದರೆ ಈ ಲೆಕ್ಕವನ್ನು ನೋಡಿ: “ತಮ್ಮ ತನ್ನಲ್ಲಿದ್ದ ಮಣಿಗಳಲ್ಲಿ 4ನ್ನು ಅಕ್ಕನಿಗೆ ಕೊಟ್ಟ. ಅವನ ಬಳಿ 7 ಮಣಿಗಳು ಉಳಿದವು. ಮೊದಲು ಅವನ ಬಳಿ ಎಷ್ಟು ಮಣಿಗಳಿದ್ದವು?” ಇಲ್ಲಿ ‘ಕೊಟ್ಟ’ ಎಂಬುದೂ ಇದೆ, ‘ಉಳಿದವು’ ಎಂಬುದೂ ಇದೆ, ಆದರೂ ಕೂಡಬೇಕು. ಪದವನ್ನು ಹುಡುಕಲು ಕಲಿತ ಮಗು 3 ಎಂದು ಬರೆಯುತ್ತದೆ. ಮೊದಲಿದ್ದದ್ದು 3 ಆಗಿದ್ದರೆ 4 ಕೊಡಲು ಹೇಗೆ ಸಾಧ್ಯ ಎಂಬ ಪ್ರಶ್ನೆ ಅದರ ಮನಸ್ಸಿಗೆ ಬರುವುದೇ ಇಲ್ಲ, ಏಕೆಂದರೆ ಕಥೆಯನ್ನು ಅದು ಓದಿಯೇ ಇಲ್ಲ.

ಇದರ ಅರ್ಥ ಪದಗಳನ್ನು ಕಡೆಗಣಿಸಬೇಕೆಂದಲ್ಲ. ‘ತಲಾ’, ‘ಸಮನಾಗಿ’, ‘ಜೋಡಿ’, ‘ಕನಿಷ್ಠ’ ಮುಂತಾದ ಪದಗಳ ಅರ್ಥ ಮಗುವಿಗೆ ತಿಳಿದಿದೆಯೇ ಎಂದು ವಿಚಾರಿಸಲೇಬೇಕು. ಪದದ ಅರ್ಥ ಕಥೆಯನ್ನು ತಿಳಿಯಲು ಬೇಕು, ಕ್ರಿಯೆಯನ್ನು ಊಹಿಸಲು ಅಲ್ಲ.

ಹೋಲಿಕೆಯ ಲೆಕ್ಕಗಳಿಗೆ ಹೆಚ್ಚು ಸಮಯ ಕೊಡಿ

ಕೂಡು-ಕಳೆ ಲೆಕ್ಕಗಳಲ್ಲಿ ಮಕ್ಕಳನ್ನು ಬಹಳ ಕಾಡುವುದು ಹೋಲಿಕೆ. ಇದರಲ್ಲಿ ಯಾರೂ ಬರುವುದಿಲ್ಲ, ಹೋಗುವುದಿಲ್ಲ, ಕೊಡುವುದಿಲ್ಲ. ಆಡಿ ನೋಡಲು ಘಟನೆಯೇ ಇರುವುದಿಲ್ಲ. ಟಾಮ್ ಹಡ್ಸನ್ ಎಂಬ ಸಂಶೋಧಕರು 1983ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಅವರು ಕೆಲವು ಹಕ್ಕಿಗಳೂ ಅವಕ್ಕಿಂತ ಕಡಿಮೆ ಹುಳುಗಳೂ ಇರುವ ಚಿತ್ರವನ್ನು ಮಕ್ಕಳಿಗೆ ತೋರಿಸಿದರು. “ಹುಳುಗಳಿಗಿಂತ ಹಕ್ಕಿಗಳು ಎಷ್ಟು ಹೆಚ್ಚಿವೆ?” ಎಂದು ಕೇಳಿದಾಗ ಒಂದನೆಯ ತರಗತಿಯ ಮಕ್ಕಳಲ್ಲಿ ಶೇಕಡ 64ರಷ್ಟು ಮಂದಿ ಸರಿಯುತ್ತರ ಕೊಟ್ಟರು. ಹಕ್ಕಿಗಳೆಲ್ಲ ಒಂದೊಂದು ಹುಳು ಹಿಡಿಯಲು ಹೋದರೆ “ಎಷ್ಟು ಹಕ್ಕಿಗಳಿಗೆ ಹುಳು ಸಿಗುವುದಿಲ್ಲ?” ಎಂದು ಕೇಳಿದಾಗ ಅದೇ ಮಕ್ಕಳೆಲ್ಲರೂ ಸರಿಯಾಗಿ ಉತ್ತರಿಸಿದರು. ಚಿತ್ರ ಅದೇ, ವ್ಯತ್ಯಾಸವೂ ಅದೇ; ಬದಲಾದದ್ದು ಪ್ರಶ್ನೆಯ ಮಾತು ಮಾತ್ರ.

ಇದನ್ನು ಕಲಿಸುವಾಗ ಹೀಗೆ ಬಳಸಿಕೊಳ್ಳಬಹುದು. ಅಕ್ಕನ 9 ಮಣಿಗಳನ್ನು ಒಂದು ಸಾಲಿನಲ್ಲಿ, ತಮ್ಮನ 6 ಮಣಿಗಳನ್ನು ಅದರ ಕೆಳಗಿನ ಸಾಲಿನಲ್ಲಿ, ಒಂದರ ಕೆಳಗೆ ಒಂದು ಬರುವಂತೆ ಜೋಡಿಸಿ. “ಅಕ್ಕನ ಎಷ್ಟು ಮಣಿಗಳಿಗೆ ಜೊತೆಯಿಲ್ಲ?” ಎಂದು ಕೇಳಿ. ಉತ್ತರ ಬಂದ ಮೇಲೆ ಅದೇ ಸಂಗತಿಯನ್ನು “ಅಕ್ಕನ ಬಳಿ ತಮ್ಮನಿಗಿಂತ 3 ಹೆಚ್ಚು” ಎಂದೂ, “ತಮ್ಮನ ಬಳಿ ಅಕ್ಕನಿಗಿಂತ 3 ಕಡಿಮೆ” ಎಂದೂ ಹೇಳಿಸಿ. ನಮ್ಮ ಭಾಷೆಯಲ್ಲಿ ಹೋಲಿಕೆಯ ಭಾರವೆಲ್ಲ ‘ಗಿಂತ’ ಎಂಬ ಚಿಕ್ಕ ಪ್ರತ್ಯಯದ ಮೇಲೆ ಬೀಳುತ್ತದೆ. ಅದು ಯಾವ ಹೆಸರಿಗೆ ಅಂಟಿಕೊಂಡಿದೆ ಎಂಬುದನ್ನು ಗಮನಿಸದ ಮಗುವಿಗೆ ಯಾರ ಬಳಿ ಹೆಚ್ಚಿದೆ ಎಂಬುದೇ ತಿರುಗುಮುರುಗಾಗುತ್ತದೆ. “ಅಕ್ಕನ ಬಳಿ 9 ಮಣಿಗಳಿವೆ. ತಮ್ಮನ ಬಳಿ ಇರುವುದಕ್ಕಿಂತ ಇದು 3 ಹೆಚ್ಚು. ತಮ್ಮನ ಬಳಿ ಎಷ್ಟಿವೆ?” ಎಂಬ ಲೆಕ್ಕಕ್ಕೆ 12 ಎಂಬ ಉತ್ತರ ಬರುವುದು ಹೀಗೆಯೇ. ಇಂಥ ಲೆಕ್ಕದಲ್ಲಿ ಬೇರೇನನ್ನೂ ಕೇಳುವ ಮೊದಲು “ಯಾರ ಬಳಿ ಹೆಚ್ಚಿದೆ?” ಎಂದಷ್ಟೇ ಕೇಳಿ, ಮಗು ಬೆರಳು ತೋರಿಸಿ ಹೇಳುವವರೆಗೆ ಕಾಯಿರಿ.

ವಸ್ತು, ಚಿತ್ರ, ಚಿಹ್ನೆ

ಮಣಿ, ಬೀಜ, ಕಡ್ಡಿಗಳಿಂದ ಆರಂಭಿಸಿ, ಚಿತ್ರಕ್ಕೆ ಬಂದು, ಕೊನೆಗೆ ಅಂಕಿ ಮತ್ತು ಚಿಹ್ನೆಗಳಿಗೆ ಬರುವ ಕ್ರಮ ಈಗ ಅನೇಕ ದೇಶಗಳ ಶಾಲೆಗಳಲ್ಲಿದೆ. ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್ 1960ರ ದಶಕದಲ್ಲಿ ಮಂಡಿಸಿದ ವಿಚಾರಗಳು ಇದಕ್ಕೆ ಆಧಾರ. ಚಿತ್ರವೆಂದರೆ ಗುಬ್ಬಿಗೆ ರೆಕ್ಕೆ, ಕೊಕ್ಕು ಬಿಡಿಸಿ ಬಣ್ಣ ತುಂಬುವುದಲ್ಲ, ಒಂದು ಗುಬ್ಬಿಗೆ ಒಂದು ಸೊನ್ನೆ ಸಾಕು. ಸಂಖ್ಯೆಗಳು 20ನ್ನು ದಾಟಿದ ಮೇಲೆ ಸೊನ್ನೆಗಳ ಬದಲು ಉದ್ದನೆಯ ಪಟ್ಟಿಯೊಂದನ್ನು ಎಳೆದು, ಅದನ್ನು ಭಾಗ ಮಾಡಿ, ಗೊತ್ತಿರುವ ಭಾಗದಲ್ಲಿ ಸಂಖ್ಯೆಯನ್ನೂ ಗೊತ್ತಿಲ್ಲದ ಭಾಗದಲ್ಲಿ ಪ್ರಶ್ನೆಯ ಗುರುತನ್ನೂ ಬರೆಯಿಸಿ. ಸಿಂಗಾಪುರದ ಪ್ರಾಥಮಿಕ ಶಾಲೆಗಳಲ್ಲಿ 1980ರ ದಶಕದಲ್ಲಿ ಬಳಕೆಗೆ ಬಂದ ಈ ಪಟ್ಟಿಚಿತ್ರದ ವಿಧಾನ ಹೋಲಿಕೆಯ ಲೆಕ್ಕಗಳಿಗೆ ವಿಶೇಷವಾಗಿ ಒಗ್ಗುತ್ತದೆ.

ಚಿಹ್ನೆಗಳಲ್ಲಿ ಬರೆಯುವಾಗ ಮಗು ಕಥೆಯ ಕ್ರಮದಲ್ಲಿಯೇ ಬರೆಯಲಿ. ಗುಬ್ಬಿಗಳ ಎರಡನೆಯ ಲೆಕ್ಕವನ್ನು 13 − 8 ಎಂದು ಬರೆಯಿಸಲು ಅವಸರಪಡುವುದಕ್ಕಿಂತ, ನಡುವೆ ಖಾಲಿ ಚೌಕವಿಟ್ಟು 8 + □ = 13 ಎಂದು ಬರೆಯಿಸುವುದು ಮೇಲು. ಇದು ಕಥೆಗೆ ಹೊಂದುತ್ತದೆ. ಇದನ್ನೇ ಕಳೆಯುವ ಮೂಲಕವೂ ಬಿಡಿಸಬಹುದೆಂಬುದನ್ನು ಮಗು ಆಮೇಲೆ ಕಂಡುಕೊಳ್ಳುತ್ತದೆ.

ಭಾಗಾಕಾರದ ಎರಡು ಕಥೆಗಳು

ಗುಣಾಕಾರದ ಲೆಕ್ಕಗಳಲ್ಲಿ ಗುಂಪುಗಳು ಎಷ್ಟು, ಒಂದೊಂದು ಗುಂಪಿನಲ್ಲಿ ಎಷ್ಟು ಎಂಬ ಎರಡನ್ನು ಬೇರೆಬೇರೆಯಾಗಿ ಹೇಳಿಸಿದರೆ ಬಹುಪಾಲು ಕೆಲಸ ಆದಂತೆಯೇ. ಭಾಗಾಕಾರದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. 12 ಪೆನ್ಸಿಲುಗಳನ್ನು 3 ಡಬ್ಬಿಗಳಿಗೆ ಸಮನಾಗಿ ಹಂಚುವುದು ಒಂದು ಕಥೆ. 12 ಪೆನ್ಸಿಲುಗಳನ್ನು ಡಬ್ಬಿಗೆ 3ರಂತೆ ತುಂಬುವುದು ಇನ್ನೊಂದು. ಎರಡಕ್ಕೂ ಉತ್ತರ 4 ಆದರೂ ಮೊದಲನೆಯದು 4 ಪೆನ್ಸಿಲು, ಎರಡನೆಯದು 4 ಡಬ್ಬಿ. ಹೀಗಾಗಿ ಬರೀ ಅಂಕಿಯನ್ನು ಉತ್ತರವೆಂದು ಒಪ್ಪಿಕೊಳ್ಳದೆ, ಅದನ್ನು ಪೂರ್ಣ ವಾಕ್ಯದಲ್ಲಿ ಹೇಳಿಸಬೇಕು.

ಶೇಷ ಉಳಿಯುವ ಲೆಕ್ಕಗಳಲ್ಲಿ ಇದು ಇನ್ನೂ ಮುಖ್ಯ. ಒಂದು ದೋಣಿಯಲ್ಲಿ 4 ಮಂದಿ ಕೂರಬಹುದಾದರೆ 13 ಮಂದಿಗೆ 4 ದೋಣಿಗಳು ಬೇಕು; 4 ಪೆನ್ಸಿಲುಗಳಿಗೆ ಒಂದು ಕಟ್ಟಿನಂತೆ 13 ಪೆನ್ಸಿಲುಗಳಿಂದ ಪೂರ್ತಿ ಕಟ್ಟುಗಳು ಆಗುವುದು 3 ಮಾತ್ರ. 1983ರ ಸುಮಾರಿಗೆ ಅಮೆರಿಕದ ರಾಷ್ಟ್ರೀಯ ಮೌಲ್ಯಮಾಪನದಲ್ಲಿ, ಬಸ್ಸಿಗೆ 36 ಮಂದಿಯಂತೆ 1128 ಸೈನಿಕರನ್ನು ಸಾಗಿಸಲು ಎಷ್ಟು ಬಸ್ಸುಗಳು ಬೇಕೆಂದು 13 ವರ್ಷದ ವಿದ್ಯಾರ್ಥಿಗಳನ್ನು ಕೇಳಲಾಯಿತು. ಅವರಲ್ಲಿ ಹೆಚ್ಚಿನವರು ಭಾಗಾಕಾರವನ್ನು ಸರಿಯಾಗಿಯೇ ಮಾಡಿದ್ದರು, ಆದರೆ ಶೇಕಡ 29ರಷ್ಟು ಮಂದಿ “31, ಶೇಷ 12” ಎಂದು ಬರೆದು ನಿಲ್ಲಿಸಿದರು. ಶೇಷವೆಂದರೆ ರಸ್ತೆಯಲ್ಲಿ ಉಳಿದುಬಿಟ್ಟ 12 ಮಂದಿ ಮನುಷ್ಯರು ಎಂಬುದನ್ನು ನೋಡುವ ಅಭ್ಯಾಸ ಏಳು-ಎಂಟನೆಯ ವಯಸ್ಸಿನಲ್ಲಿಯೇ ಬರಬೇಕು.

ಉತ್ತರ ತಪ್ಪಿದಾಗ ಮತ್ತು ಉತ್ತರವೇ ಇಲ್ಲದಾಗ

ಉತ್ತರ ತಪ್ಪಾದರೆ “ತಪ್ಪು” ಎನ್ನುವ ಬದಲು, ಆ ಉತ್ತರವನ್ನು ಕಥೆಯೊಳಗೆ ಹಾಕಿ ಮತ್ತೆ ಹೇಳುವಂತೆ ಕೇಳಿ. “ತಮ್ಮನ ಬಳಿ 3 ಮಣಿಗಳಿದ್ದವು, ಅವನು 4 ಕೊಟ್ಟ…” ಎನ್ನುವಷ್ಟರಲ್ಲಿ ಮಗುವೇ ತಡೆದು ನಿಲ್ಲುತ್ತದೆ. ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ವಿವರಿಸಿದ ನಾಲ್ಕು ಹಂತಗಳಲ್ಲಿ, ಅಂದರೆ ಸಮಸ್ಯೆಯನ್ನು ಅರಿಯುವುದು, ಯೋಜಿಸುವುದು, ಯೋಜಿಸಿದಂತೆ ಮಾಡುವುದು, ಮಾಡಿದ್ದನ್ನು ಹಿಂದಿರುಗಿ ನೋಡುವುದು ಎಂಬವುಗಳಲ್ಲಿ, ನಾವು ಹೆಚ್ಚಾಗಿ ಬಿಟ್ಟುಬಿಡುವುದು ಈ ಕೊನೆಯದನ್ನೇ. ಸರಿಯುತ್ತರ ಬಂದಾಗಲೂ “ಹೇಗೆ ಗೊತ್ತಾಯಿತು?” ಎಂದು ಕೇಳಿ, ತಪ್ಪಾದಾಗ ಮಾತ್ರ ಕೇಳಿದರೆ ಆ ಪ್ರಶ್ನೆಯೇ ತಪ್ಪಿನ ಸೂಚನೆಯಾಗಿಬಿಡುತ್ತದೆ.

1970ರ ದಶಕದ ಕೊನೆಯಲ್ಲಿ ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು ಕೆಳಗಿನ ತರಗತಿಯ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟರು: “ಹಡಗಿನಲ್ಲಿ 26 ಕುರಿಗಳೂ 10 ಮೇಕೆಗಳೂ ಇವೆ. ಕಪ್ತಾನನ ವಯಸ್ಸೆಷ್ಟು?” 97 ಮಕ್ಕಳಲ್ಲಿ 76 ಮಂದಿ ಕೊಟ್ಟ ಸಂಖ್ಯೆಗಳನ್ನೇ ಬಳಸಿ ಉತ್ತರ ಹೇಳಿದರು. ಆ ಮಕ್ಕಳು ದಡ್ಡರಾಗಿರಲಿಲ್ಲ. ಲೆಕ್ಕವೆಂದ ಮೇಲೆ ಉತ್ತರ ಇದ್ದೇ ಇರುತ್ತದೆಂದು, ಕೊಟ್ಟ ಸಂಖ್ಯೆಗಳನ್ನೆಲ್ಲ ಬಳಸಲೇಬೇಕೆಂದು ಅವರಿಗೆ ನಾವೇ ಕಲಿಸಿದ್ದೇವೆ. ಅದಕ್ಕಾಗಿ ಆಗೊಮ್ಮೆ ಈಗೊಮ್ಮೆ ಬೇಡದ ಸಂಖ್ಯೆಯೊಂದು ಸೇರಿರುವ ಲೆಕ್ಕವನ್ನೂ, ಬೇಕಾದ ಸಂಖ್ಯೆಯೇ ಇಲ್ಲದ ಲೆಕ್ಕವನ್ನೂ ಕೊಡಿ. “ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ” ಎನ್ನುವ ಮಗುವನ್ನು ಮನಸಾರೆ ಮೆಚ್ಚಿಕೊಳ್ಳಿ.

ಮಗು ಪೂರ್ತಿ ಸಿಕ್ಕಿಹಾಕಿಕೊಂಡಾಗ ನೆರವಾಗುವ ಒಂದು ಉಪಾಯವಿದೆ: ಕಥೆಯನ್ನು ಹಾಗೆಯೇ ಉಳಿಸಿಕೊಂಡು ಸಂಖ್ಯೆಗಳನ್ನು ಚಿಕ್ಕದು ಮಾಡುವುದು. 43 ಮತ್ತು 27ರ ಜಾಗದಲ್ಲಿ 5 ಮತ್ತು 2 ಇಟ್ಟಾಗ ಮಗು ಸರಾಗವಾಗಿ ಬಿಡಿಸಿದರೆ ತೊಡಕು ಎಣಿಕೆಯದು. ಆಗಲೂ ಬಿಡಿಸದಿದ್ದರೆ ಕಥೆಯದು. ಎರಡಕ್ಕೂ ಔಷಧ ಬೇರೆಬೇರೆ.

ಮಗುವೇ ಲೆಕ್ಕ ಕಟ್ಟಲಿ

ಒಂದೇ ಬಗೆಯ ಇಪ್ಪತ್ತು ಲೆಕ್ಕಗಳಿಗಿಂತ ಬೇರೆಬೇರೆ ಬಗೆಯ ಮೂರು ಲೆಕ್ಕಗಳನ್ನು ಮಾತನಾಡುತ್ತ ಬಿಡಿಸುವುದು ಹೆಚ್ಚು ಫಲಕಾರಿ, ಏಕೆಂದರೆ ಎಲ್ಲವೂ ಕಳೆಯುವ ಲೆಕ್ಕಗಳೇ ಆಗಿರುವ ಪುಟದಲ್ಲಿ ಓದುವ ಅಗತ್ಯವೇ ಬೀಳುವುದಿಲ್ಲ. ಆ ಮೂರರಲ್ಲಿ ಒಂದನ್ನು ಮಗುವೇ ರಚಿಸಲಿ. 13 − 8 ಎಂದು ಬರೆದುಕೊಟ್ಟು, ಇದಕ್ಕೆ ಹೊಂದುವ ಕಥೆ ಹೇಳು ಎನ್ನಿ. ಮೊದಲ ಕಥೆಯಲ್ಲಿ ಏನಾದರೂ ಹಾರಿಹೋಗುವುದೋ, ಒಡೆದುಹೋಗುವುದೋ, ಕಳೆದುಹೋಗುವುದೋ ಬಹುತೇಕ ಖಚಿತ. ಅದನ್ನು ಸಂತೋಷದಿಂದ ಕೇಳಿಸಿಕೊಂಡು, ಯಾವುದೂ ಹೋಗದೆ, ಯಾವುದೂ ಕಳೆಯದೆ ಇರುವ ಇನ್ನೊಂದು ಕಥೆ ಹೇಳಲಾದೀತೇ ಎಂದು ಕೇಳಿ. “ಅಕ್ಕನ ಬಳಿ 13, ತಮ್ಮನ ಬಳಿ 8, ಎಷ್ಟು ಹೆಚ್ಚು?” ಎಂದು ಮಗು ಹೇಳಿದರೆ ಹೋಲಿಕೆ ಅದಕ್ಕೆ ವಶವಾಗಿದೆ. ಹೇಳಲು ತಡವರಿಸಿದರೆ ನಾಳೆ ಯಾವ ಬಗೆಯ ಲೆಕ್ಕ ಕೊಡಬೇಕೆಂಬುದು ನಿಮಗೆ ತಿಳಿಯುತ್ತದೆ: ಎರಡು ಸಾಲು ಮಣಿಗಳನ್ನು ಮತ್ತೆ ಜೋಡಿಸಿಡಿ.